ಗರಸಿನ ಖಣಿಯೂ ಸರಕಾರದ ಕಣ್ಣೂ

ಆಳಂದ ತಾಲೂಕಿನ ನಿಂಬರ್ಗಾ ಹೋಬಳಿಯ ಎರೆಭೂಮಿಯಲ್ಲಿ ಶ್ರಾವಣದ ಮಳೆಯ ಬಳಿಕ ಬಂಡಿಯನ್ನಾಗಲಿ ಟ್ರ್ಯಾಕ್ಟರನ್ನಾಗಲಿ ಹೊಲದ ದಾರಿಗೆ ಇಳಿಸಿ ನೋಡಿದವರಿಗೆ ಗರಸಿನ ಬೆಲೆಯನ್ನು ಯಾರೂ ವಿವರಿಸಬೇಕಾದುದಿಲ್ಲ. ತೊಗರಿಯನ್ನು ಪೋಷಿಸುವ ಕರಿಯ ಮಣ್ಣೇ ನೀರುಂಡೊಡನೆ ಗಾಲಿಯನ್ನು ನುಂಗತೊಡಗುತ್ತದೆ. ಅದರ ಅಡಿಯಲ್ಲಿ, ಕೆಲವೆಡೆ ಮೊಳದಾಳದಲ್ಲಿ, ಕೆಲವೆಡೆ ಆಳುದ್ದದಲ್ಲಿ, ದಖ್ಖನದ ಕರಿಶಿಲೆಯು ಅಸಂಖ್ಯ ವರ್ಷಗಳ ಬಿಸಿಲುಮಳೆಗೆ ಶಿಥಿಲಗೊಂಡು ಗರಸಾಗಿ ಪರಿಣಮಿಸಿದೆ. ಅದನ್ನು ಅಗೆದು ಮೇಲೆ ಹಾಸಿದಾಗಲೇ ದಾರಿಯು ದಾರಿಯೆನಿಸುತ್ತದೆ. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕವು ರಸ್ತೆಗಳಿಗಾಗಿ ಬೇಡುವ ಹಕ್ಕನ್ನು ಪಡೆದಿದೆ. ಆದುದರಿಂದ ಅಗೆಯಲೇ ಕೂಡದೆಂಬ ಪಕ್ಷವು ನನ್ನದಲ್ಲ. ಅಗೆದವನು ಹೊರಟುಹೋದ ಮೇಲೆ ಆ ಗುಂಡಿಯನ್ನು ನೋಡುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಕಾನೂನು ಇಲ್ಲವೆಂದಲ್ಲ. 1957ರ ಗಣಿ ಮತ್ತು ಖನಿಜಗಳ ಅಧಿನಿಯಮವು ಗರಸು, ಮರಳು, ಕಟ್ಟಡದ ಕಲ್ಲುಗಳನ್ನು ಉಪಖನಿಜಗಳ ವರ್ಗಕ್ಕೆ ಸೇರಿಸಿ, ಅವುಗಳ ನಿಯಮರಚನೆಯನ್ನು ರಾಜ್ಯಗಳ ಕೈಗೆ ಒಪ್ಪಿಸಿತು. ಕರ್ನಾಟಕದ ನಿಯಮಾವಳಿ 1994ರದು. ಐದು ಹೆಕ್ಟೇರಿಗಿಂತ ಚಿಕ್ಕದಾದ ಖಣಿಗಳು ಬಹುಕಾಲ ಪರಿಸರ ಪರಿಶೀಲನೆಯ ಹೊರಗೇ ಉಳಿದಿದ್ದುವು. ಒಂದೊಂದಾಗಿ ನೋಡಿದರೆ ಕ್ಷುಲ್ಲಕವೆನಿಸುವ ಗುಂಡಿಗಳು ಒಟ್ಟಾಗಿ ನೆಲವನ್ನೂ ಜಲವನ್ನೂ ಕೆಡಿಸಬಲ್ಲವೆಂಬುದನ್ನು ಮನಗಂಡ ಸರ್ವೋಚ್ಚ ನ್ಯಾಯಾಲಯವು ದೀಪಕ್ ಕುಮಾರ್ ಪ್ರಕರಣದಲ್ಲಿ, 2012ರ ಫೆಬ್ರವರಿ 27ರಂದು, ಅವುಗಳಿಗೂ ಪೂರ್ವಾನುಮತಿಯು ಬೇಕೆಂದು ವಿಧಿಸಿತು. ಕುಂಬಾರನು ಮಡಕೆಗಾಗಿ ತರುವ ಜೇಡಿಗೂ, ಊರವರು ಎತ್ತುವ ಕೆರೆಯ ಹೂಳಿಗೂ 2016ರಲ್ಲಿ ವಿನಾಯಿತಿಯು ದೊರೆತುದು ವಿವೇಕವೇ ಸರಿ. ಆದರೆ 2020ರ ಮಾರ್ಚ್ 28ರಂದು, ದೇಶವು ಬಾಗಿಲು ಮುಚ್ಚಿಕೊಂಡು ಕುಳಿತಿದ್ದ ಆ ವಾರದಲ್ಲಿ, ಸಾರ್ವಜನಿಕರ ಆಕ್ಷೇಪಣೆಯನ್ನೇ ಕೇಳದೆ, ರಸ್ತೆ ಮತ್ತು ಕೊಳವೆಮಾರ್ಗಗಳಿಗಾಗಿ ಮಣ್ಣು ತೆಗೆಯುವವರನ್ನೂ ಅದೇ ಪಟ್ಟಿಯಲ್ಲಿ ಕೂಡಿಸಲಾಯಿತು. ಕುಂಬಾರನ ಬುಟ್ಟಿಗೆ ತೋರಿದ ದಯೆಯು ಹೆದ್ದಾರಿಯ ಗುತ್ತೇದಾರನ ಟಿಪ್ಪರಿಗೂ ಸಂದಿತು! ಎಷ್ಟು ಮಣ್ಣು, ಎಂಥ ನೆಲ ಎಂಬ ಮಿತಿಯೇ ಇಲ್ಲದ ಆ ವಿನಾಯಿತಿಯನ್ನು ಸರ್ವೋಚ್ಚ ನ್ಯಾಯಾಲಯವು 2024ರ ಮಾರ್ಚ್ 21ರಂದು ರದ್ದುಪಡಿಸಿತು.

ಇಷ್ಟೆಲ್ಲ ಆದರೂ ನಮ್ಮಲ್ಲಿ ಅಧಿಕಾರದ ಕಣ್ಣು ನೆಟ್ಟಿರುವುದು ಲಾರಿಯ ಮೇಲೆಯೇ ಹೊರತು ಗುಂಡಿಯ ಮೇಲಲ್ಲ. ಪರವಾನಗಿಯ ಚೀಟಿಯಿದೆಯೇ, ತೂಕವು ಮಿತಿಯೊಳಗಿದೆಯೇ, ರಾಜಧನವು ಸಂದಾಯವಾಯಿತೇ ಎಂಬ ವಿಚಾರಣೆಗಳೆಲ್ಲ ಬೊಕ್ಕಸಕ್ಕೆ ಸಂಬಂಧಪಟ್ಟುವು. ರಾಜಧನವು ನಿಂತ ದಿನವೇ ಆಸಕ್ತಿಯೂ ನಿಲ್ಲುತ್ತದೆ. ಬಳ್ಳಾರಿಯ ಅದಿರಿನ ಗಣಿಗಳ ವಿಷಯದಲ್ಲಿ ಹೀಗಾಗಲಿಲ್ಲ: 2011ರಲ್ಲಿ ಸ್ಥಗಿತಗೊಂಡ ಗಣಿಗಳು ಪುನರುದ್ಧಾರ ಮತ್ತು ಪುನರ್ವಸತಿಯ ಯೋಜನೆಗೆ ಬದ್ಧವಾಗದೆ ಮತ್ತೆ ತೆರೆಯಕೂಡದೆಂಬ ಕಟ್ಟಳೆಯನ್ನು ನ್ಯಾಯಾಲಯವೇ ಹೊರಿಸಿತು. ಎಕರೆ ಎರಡೆಕರೆಯ ಗರಸಿನ ಖಣಿಗೆ ಅಂಥ ಗೌರವವೆಲ್ಲಿಯದು? ಪಕ್ಕದ ಹೊಲದ ಒಡ್ಡು ಮಳೆಮಳೆಗೂ ಕುಸಿದು ಒಳಗೆ ಜಾರುತ್ತದೆ. ನಿಂತ ನೀರಿನ ಆಳವನ್ನರಿಯದ ಮಕ್ಕಳು ಈಜಲು ಇಳಿಯುತ್ತಾರೆ. ಕಣ್ಣಿಗೆ ಕಾಣದ ಕೇಡು ಇನ್ನೊಂದುಂಟು. ಗಟ್ಟಿ ಶಿಲೆಯ ಈ ನಾಡಿನಲ್ಲಿ ತೋಡುಬಾವಿಗೆ ಒರತೆಯು ಒದಗುವುದು ಬಹುಮಟ್ಟಿಗೆ ಆ ಶಿಥಿಲವಾದ ಪದರದಿಂದಲೇ. ಗರಸನ್ನು ಬುಡದವರೆಗೆ ಕೆತ್ತಿ ಒಯ್ಯುವುದೆಂದರೆ ನೆರೆಯ ರೈತನ ಬಾವಿಗೆ ನೀರು ಹಿಡಿದಿಡುವ ಪಾತ್ರೆಯನ್ನೇ ಹೊತ್ತೊಯ್ದಂತೆ.

ನೆಲವನ್ನು ಮರಳಿ ನೆಲವಾಗಿಸುವುದು ಅಗೆತವು ಮುಗಿದ ಮೇಲಿನ ಕೆಲಸವೆಂಬ ಭ್ರಾಂತಿಯು ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಅದು ಜೆಸಿಬಿಯು ಹೊಲದೊಳಗೆ ಕಾಲಿಟ್ಟ ಮೊದಲ ದಿನದ ಕೆಲಸ. ಮೇಲಿನ ಎರೆಯನ್ನು ಪ್ರತ್ಯೇಕವಾಗಿ ಸವರಿ ತೆಗೆದು, ಹೊಲದ ಅಂಚಿನಲ್ಲಿ ತಗ್ಗಾದ ದಿಬ್ಬವಾಗಿ ಪೇರಿಸಿ, ಮಳೆಗೆ ಕೊಚ್ಚಿಹೋಗದಂತೆ ಅದರ ಮೇಲೆ ಹುಲ್ಲನ್ನೋ ಹುರುಳಿಯನ್ನೋ ಬಿತ್ತಿಡಬೇಕು. ಬಳಿಕ ಅಂಚುಗಳನ್ನು ಗೋಡೆಯಂತೆ ಕಡಿಯದೆ ಇಳಿಜಾರಾಗಿಸಿ, ತಳದಲ್ಲಿ ಒಂದಿಷ್ಟು ಗರಸನ್ನು ಉಳಿಸಿ, ಅದರ ಮೇಲೆ ಆ ಎರೆಯನ್ನು ಮರಳಿ ಹರಡಿದರೆ, ಮೊದಲು ಹುಲ್ಲಾದರೂ ಹಿಡಿದೀತು, ಕಾಲಾಂತರದಲ್ಲಿ ತೊಗರಿಯೂ ಬಂದೀತು. ಎಲ್ಲ ಗುಂಡಿಗಳನ್ನೂ ತುಂಬಲೇಬೇಕೆಂದಿಲ್ಲ. ಒಂದು ದಂಡೆಯನ್ನು ದನಕರುಗಳು ಇಳಿದುಹತ್ತುವಷ್ಟು ಸೌಮ್ಯವಾಗಿಸಿ, ಉಳಿದ ಮೂರಕ್ಕೆ ಬೇಲಿ ಕಟ್ಟಿದರೆ ಕೆಲವು ಗುಂಡಿಗಳು ಕೆರೆಯ ಕೆಲಸವನ್ನೇ ಮಾಡಿಯಾವು. ಎರೆಯು ಗರಸಿನೊಡನೆ ಬೆರೆತು ಟಿಪ್ಪರಿನಲ್ಲಿ ಹೋದ ಮೇಲಾದರೋ ಯಾವ ಅನುದಾನದಿಂದಲೂ ಅದನ್ನು ಮರಳಿ ತರಲಾಗದು. ಗಣಿಯ ನೆಲದಲ್ಲಿ ಮರಳಿ ಹುಲ್ಲು ಬೆಳೆಸಬೇಕೆಂಬ ಷರತ್ತನ್ನು ಗುತ್ತಿಗೆಗಳಿಗೆ ವಿಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 8ರಂದು ಕೇಂದ್ರ ಸರಕಾರಕ್ಕೆ ನಿರ್ದೇಶಿಸಿದೆ. ಆಡುಕುರಿಗಳ ಮೇವಿನ ಬಗೆಗೆ ದಿಲ್ಲಿಯ ನ್ಯಾಯಪೀಠಕ್ಕಿದ್ದ ಕಳಕಳಿಯು ನಮ್ಮ ತಹಸೀಲು ಕಚೇರಿಗಳನ್ನು ತಲುಪಲು ಇನ್ನೆಷ್ಟು ಕಾಲ ಬೇಕೋ!

ಚಿಕ್ಕ ಖಣಿಯವನಿಗೆ, ಎಷ್ಟೋ ವೇಳೆ ಸಾಲಕ್ಕಂಜಿ ಎಕರೆಯೊಂದನ್ನು ಅಗೆಯಲು ಕೊಟ್ಟ ರೈತನಿಗೇ, ಈ ಹೊರೆಯು ಭಾರವಾದೀತೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ನಮ್ಮ ಕಡೆ ಗರಸನ್ನು ಬಹುವಾಗಿ ಕೊಳ್ಳುವಾತನು ಸರಕಾರವೇ ಅಲ್ಲವೆ? ರಸ್ತೆಯ ಅಂದಾಜುಪಟ್ಟಿಯಲ್ಲಿ ಅಗೆತಕ್ಕೆ, ಸಾಗಣೆಗೆ, ರಾಜಧನಕ್ಕೆ ಸಾಲುಗಳಿರುವಾಗ ನೆಲದ ದುರಸ್ತಿಗೂ ಒಂದು ಸಾಲನ್ನು ಸೇರಿಸುವುದು ಅಸಾಧ್ಯವಲ್ಲ. ಖಣಿಯ ಸರ್ವೆ ನಂಬರನ್ನೂ ಮಿತಿಯನ್ನೂ ಗ್ರಾಮಪಂಚಾಯತಿಯ ಗೋಡೆಯ ಮೇಲೆ ಬರೆಯಿಸಲಿ. ಠೇವಣಿಯನ್ನು ಒಂದು ಮಳೆಗಾಲವು ಕಳೆಯುವವರೆಗೆ ತಡೆಹಿಡಿಯಲಿ. ಎರೆ ನಿಂತಿದೆಯೇ, ಒಡ್ಡು ಉಳಿದಿದೆಯೇ ಎಂಬುದನ್ನು ಪಕ್ಕದ ಹೊಲದವನ ಸಮಕ್ಷಮದಲ್ಲಿ ನೋಡಿ ಬಿಡಲಿ. ಗುತ್ತೇದಾರನ ಕೊನೆಯ ಬಿಲ್ಲಿಗೆ ರುಜು ಹಾಕುವ ಇಂಜಿನಿಯರರು ರಸ್ತೆಯ ದಪ್ಪವನ್ನು ಅಳೆಯಲು ಹೇಗಿದ್ದರೂ ಬರುತ್ತಾರಷ್ಟೆ. ಟೇಪನ್ನು ಮಡಿಚಿಡುವ ಮುನ್ನ ಗರಸು ಬಂದ ಹೊಲಕ್ಕೂ ಹೋಗಿ ಅದರ ಸ್ಥಿತಿಯನ್ನು ಅದೇ ಅಳತೆಪುಸ್ತಕದಲ್ಲಿ ಬರೆಯತಕ್ಕದ್ದೆಂದು ಜಿಲ್ಲಾಧಿಕಾರಿಗಳು ಈ ವರ್ಷದಿಂದಲೇ ಆಜ್ಞಾಪಿಸಲಿ.