ಕೆಳಗಿನ ದವಡೆಯ ಲೆಕ್ಕ

‘ಹಲ್ಲಿನ ಸೆಟ್ಟಿಗೆ ಎಷ್ಟಾಯ್ತು?’ ಶಿವಮೊಗ್ಗದ ರವೀಂದ್ರನಗರದ ಗಣಪತಿ ದೇವಸ್ಥಾನದ ಕಡೆ ಬೆಳಗಿನ ವಾಕಿಂಗ್ ಮುಗಿಸಿ ಕೂತ ನಿವೃತ್ತರಲ್ಲಿ ಶುಗರ್, ಮಂಡಿನೋವಿನ ಸರದಿ ಮುಗಿದ ಮೇಲೆ ಏಳುವ ಪ್ರಶ್ನೆ ಇದು. ಒಬ್ಬರು ಹತ್ತು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ನಲವತ್ತು. ಬೆಂಗಳೂರಿನಲ್ಲಿ ಮಗ ಕಟ್ಟಿಸಿಕೊಟ್ಟದ್ದಕ್ಕೆ ಲಕ್ಷಗಟ್ಟಲೆ ಆಯಿತು ಎಂದು ಮತ್ತೊಬ್ಬರು ಅರ್ಧ ಹೆಮ್ಮೆ, ಅರ್ಧ ಸಂಕೋಚದಲ್ಲಿ ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಈ ಮೊತ್ತ ಯಾವುದಕ್ಕೆ ಎಂದು ಯಾರೂ ಕೇಳುವುದಿಲ್ಲ.

ಸಾಮಗ್ರಿಗಂತೂ ಅಷ್ಟು ದುಡ್ಡಿಲ್ಲ. ಗುಲಾಬಿ ಬಣ್ಣದ ಆ ತಟ್ಟೆ ಅಕ್ರಿಲಿಕ್. 1930ರ ದಶಕದ ಕೊನೆಯಲ್ಲಿ ಬಂದು, ಅದಕ್ಕೂ ಮೊದಲಿದ್ದ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರನ್ನು ಮೂಲೆಗೆ ತಳ್ಳಿದ ವಸ್ತು. ಬೆಲೆ ಇರುವುದು ಕೈಕೆಲಸಕ್ಕೆ. ಮೊದಲು ಒಂದು ಅಳತೆ. ಅದರ ಮೇಲೆ ನಿಮ್ಮ ದವಡೆಗೆಂದೇ ಮಾಡಿದ ಟ್ರೇನಲ್ಲಿ, ಕೆನ್ನೆ ತುಟಿ ಆಡಿಸುತ್ತಾ ಅಂಚು ಹಿಡಿಯುವ ಎರಡನೇ ಅಳತೆ. ಆಮೇಲೆ ಮೇಣದ ದಿಂಡು ಕಚ್ಚಿಸಿ, ಎರಡು ದವಡೆ ಎಷ್ಟು ಎತ್ತರದಲ್ಲಿ, ಎಲ್ಲಿ ಕೂಡುತ್ತವೆ ಎಂದು ಗುರುತು ಮಾಡುವುದು. ಮೇಣದಲ್ಲೇ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವುದು ಇನ್ನೊಂದು ದಿನ. ‘ಸ’ ‘ಫ’ ಸರಿಯಾಗಿ ಹೊರಡುತ್ತದೆಯೇ, ಮುಖ ತನ್ನ ಮುಖದಂತೆಯೇ ಕಾಣುತ್ತದೆಯೇ ಎಂದು ಕನ್ನಡಿ ಹಿಡಿದು ತಕರಾರು ಮಾಡಬೇಕಾದ ದಿನ ಅದೇ. ನಮ್ಮ ಹಿರಿಯರು ಡಾಕ್ಟರಿಗೆ ಬೇಜಾರಾದೀತೆಂದು ಸುಮ್ಮನೆ ತಲೆಯಾಡಿಸಿ ಬರುತ್ತಾರೆ. ಲ್ಯಾಬಿನಲ್ಲಿ ಬೆಂದು ಬಂದ ಮೇಲೆ ತಿದ್ದಲು ಉಳಿಯುವುದು ಸ್ವಲ್ಪವೇ.

ಹಾಗಾಗಿ ದರ ಕೇಳುವ ಮೊದಲು ಎಷ್ಟು ಸಲ ಬರಬೇಕು ಎಂದು ಕೇಳಿ. ಸೆಟ್ಟು ಕೊಟ್ಟ ಮೇಲೆ ವಸಡು ಹುಣ್ಣಾದರೆ ಉಜ್ಜಿಕೊಡುವುದು ಈ ದುಡ್ಡಿನಲ್ಲೇ ಸೇರಿದೆಯೇ ಎಂದೂ ಕೇಳಿ. ಸ್ಕ್ಯಾನರ್, ಕಂಪ್ಯೂಟರ್ ಇರುವಲ್ಲಿ ಒಂದೆರಡು ಭೇಟಿ ಉಳಿಯಬಹುದು. ಅದಿಲ್ಲದೆ ‘ನಾಳೆಯೇ ಹಲ್ಲು’ ಎನ್ನುವವರ ಕಡಿಮೆ ದರ ನನಗೆ ಅಗ್ಗವಾಗಿ ಕಾಣುವುದಿಲ್ಲ. ಸಂತೆ ಬೀದಿಯಲ್ಲಿ ಕೂತು, ಉಳಿದ ಬೇರಿನ ಮೇಲೆಯೇ ಅಕ್ರಿಲಿಕ್ ಮೆತ್ತಿ ತಂತಿ ಬಿಗಿಯುವವರ ಮಾತಂತೂ ಬೇಡವೇ ಬೇಡ. ಅದು ಒಳಗೊಳಗೇ ಕೀವು ಕಟ್ಟುವ ಕೆಲಸ.

ನಿಜವಾದ ಸಮಸ್ಯೆ ಕೆಳಗಿನ ಸೆಟ್ಟಿನದು. ಮೇಲಿನದು ಅಂಗುಳನ್ನೆಲ್ಲ ಆವರಿಸಿ, ಎಂಜಲಿನ ತೆಳು ಪದರದ ಹಿಡಿತದಲ್ಲಿ ಅಂಟಿ ಕೂರುತ್ತದೆ. ಕೆಳಗಿನದಕ್ಕೆ ಸಿಗುವುದು ಕುದುರೆ ಲಾಳದಷ್ಟು ಕಿರಿದಾದ ಜಾಗ, ನಡುವೆ ಸುಮ್ಮನಿರದ ನಾಲಿಗೆ. ಸಾಲದ್ದಕ್ಕೆ ಹಲ್ಲು ಹೋದ ಮೂಳೆ ಸವೆಯುತ್ತಲೇ ಇರುತ್ತದೆ. ಸೆಟ್ಟು ಹಾಕಿಕೊಂಡವರನ್ನು 25 ವರ್ಷ ಹಿಂಬಾಲಿಸಿ ದಂತ ಸಂಶೋಧಕರಾದ ಟಾಲ್‌ಗ್ರೆನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಳದವಡೆಯ ಸವೆತ ಮೇಲಿನದರ ಸುಮಾರು ನಾಲ್ಕು ಪಟ್ಟು. ‘ಮೇಲಿನದು ಹಾಕ್ಕೋತೀನಿ, ಕೆಳಗಿಂದು ಡಬ್ಬಿಲಿದೆ’ ಎನ್ನುವ ಅಜ್ಜಂದಿರು ಮನೆಮನೆಯಲ್ಲಿ ಸಿಗುವುದು ಇದಕ್ಕೇ.

2002ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಮೊಳೆ ಕೂರಿಸಿ ಅವುಗಳ ಮೇಲೆ ಸೆಟ್ಟನ್ನು ಗುಂಡಿಯಂತೆ ಸಿಕ್ಕಿಸುವುದೇ ಮೊದಲ ಆಯ್ಕೆಯಾಗಬೇಕು ಎಂದರು. ನಾನೂ ಅದೇ ಪಕ್ಷ. ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಎರಡೂ ದವಡೆಗೆ ದುಬಾರಿ ಹೆಸರಿನ ಸೆಟ್ಟು ಕಟ್ಟಿಸುವ ಬದಲು, ಮೇಲಿನದಕ್ಕೆ ಸಾಧಾರಣ ಅಕ್ರಿಲಿಕ್ ಸಾಕು ಎಂದು ಬಿಟ್ಟು, ಉಳಿದದ್ದನ್ನು ಕೆಳಗಿನ ಆ ಎರಡು ಮೊಳೆಗೆ ಹಾಕಿ. ಅದಕ್ಕೆ ಶುಗರ್ ಹತೋಟಿಯಲ್ಲಿರಬೇಕು, ಬೀಡಿ ಬಿಟ್ಟಿರಬೇಕು. ಗಟ್ಟಿಯಾದ ಕೋರೆಹಲ್ಲು ಒಂದೆರಡು ಉಳಿದಿದ್ದರೆ ‘ಎಲ್ಲ ಕಿತ್ತುಬಿಡಿ’ ಎನ್ನಬೇಡಿ. ಬೇರು ಉಳಿಸಿ ಅದರ ಮೇಲೆ ಸೆಟ್ಟು ಕೂರಿಸಲು ಬರುತ್ತದೆ, ಅಲ್ಲಿ ಮೂಳೆಯೂ ಅಷ್ಟು ಬೇಗ ಕರಗುವುದಿಲ್ಲ.

ನಾಲ್ಕಾರು ಹಲ್ಲು ಮಾತ್ರ ಹೋದವರಿಗೆ ಈಗ ಬಗ್ಗುವ ನೈಲಾನ್ ಸೆಟ್ಟಿನ ಮೋಹ. ನೋಡಲು ಚೆಂದ, ತಂತಿ ಕಾಣುವುದಿಲ್ಲ. ಆದರೆ ಸಡಿಲವಾದಾಗ ಅಡಿಗೆ ಹೊಸ ಪದರ ಕೊಟ್ಟು ರಿಪೇರಿ ಮಾಡುವುದು ಕಷ್ಟ. ದಿನಾ ಅಗಿಯುವವರಿಗೆ ಕೋಬಾಲ್ಟ್–ಕ್ರೋಮಿಯಂ ಲೋಹದ ಚೌಕಟ್ಟಿನದೇ ವಾಸಿ.

ಇನ್ನೊಂದು ಮಾತು, ಈ ಜಿಲ್ಲೆಯಲ್ಲಿ ಹೇಳಿದರೆ ಮುನಿಸು ಖಂಡಿತ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದರ ಚರ್ಚೆ ಇಲ್ಲಿ ಬೇಡ. ಅದು ತೋಟದ ಅನ್ನದ ಪ್ರಶ್ನೆಯೂ ಹೌದು. ಹಲ್ಲಿನ ಸೆಟ್ಟಿನ ಮಟ್ಟಿಗೆ ಹೇಳುವುದಾದರೆ, ವರ್ಷಗಟ್ಟಲೆ ಅಡಿಕೆ ಅಗಿದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತದೆ, ಬಾಯಿ ಪೂರ್ತಿ ತೆರೆಯದು. ಆಗ ಅಳತೆಯ ಟ್ರೇಯೇ ಒಳಗೆ ಹೋಗುವುದಿಲ್ಲ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬಾಯಿಗೆ ಹಿಡಿಸದಿದ್ದರೆ ಸೆಟ್ಟಿನ ಮಾತಿಗೆ ಮೊದಲು ಅದನ್ನು ತೋರಿಸಿಕೊಳ್ಳಿ.

ದುಡ್ಡೇ ಇಲ್ಲದವರು? ರವೀಂದ್ರನಗರದ ಸರ್ಕಾರಿ ಪಿಂಚಣಿದಾರರ ಮಾತು ಬೇರೆ. ಭದ್ರಾವತಿಯಲ್ಲಿ ಕಬ್ಬಿಣ ಕಾರ್ಖಾನೆಯಲ್ಲೋ ಕಾಗದ ಕಾರ್ಖಾನೆಯಲ್ಲೋ ದುಡಿದು ಭವಿಷ್ಯನಿಧಿಯ ಇಪಿಎಸ್ ಪಿಂಚಣಿ ನಂಬಿದವರ ಲೆಕ್ಕ ನೋಡಿ: 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಹತ್ತು ಸಾವಿರದ ಸೆಟ್ಟು ಎಂದರೆ ಅದರ ಹತ್ತು ತಿಂಗಳು. ರಾಜ್ಯದ ಉಚಿತ ಹಲ್ಲಿನ ಸೆಟ್ಟಿನ ಯೋಜನೆ ‘ದಂತ ಭಾಗ್ಯ’ 2014-15ರ ಸುಮಾರಿಗೆ ಬಂದದ್ದು ಬಿಪಿಎಲ್ ಕಾರ್ಡಿನ ಇಂಥ ಹಿರಿಯರಿಗಾಗಿಯೇ. ಮೊದಲು 60 ದಾಟಿದವರಿಗೆ ಮಾತ್ರ ಇತ್ತು, ಆಮೇಲೆ ವಯಸ್ಸಿನ ಮಿತಿಯನ್ನು 45ಕ್ಕೆ ಇಳಿಸಿದರು. ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಶುರುವಾದಾಗ ಊರುಗೋಲು, ಶ್ರವಣಯಂತ್ರ, ಕನ್ನಡಕದ ಪಟ್ಟಿಯಲ್ಲಿ ಹಲ್ಲಿನ ಸೆಟ್ಟೂ ಇತ್ತು. ಊರಲ್ಲೇ ಆಲ್ಕೊಳದ ಶರಾವತಿ ದಂತ ಕಾಲೇಜಿದೆ. ದಂತ ಕಾಲೇಜೆಂದರೆ ವಿದ್ಯಾರ್ಥಿಗಳ ಕೈ, ಬೆನ್ನ ಹಿಂದೆ ಪ್ರೊಫೆಸರರ ಕಣ್ಣು. ಓಡಾಟ ಜಾಸ್ತಿ, ಖರ್ಚು ಕಡಿಮೆ, ಹಂತ ಹಾರಿಸುವ ಅವಸರವಿಲ್ಲ. ಯಾವ ಯೋಜನೆ ಈಗ ಎಲ್ಲಿ ನಡೆಯುತ್ತಿದೆ ಎಂದು ಕಾರ್ಡು ಹಿಡಿದು ಅಲ್ಲೂ ಸರ್ಕಾರಿ ಆಸ್ಪತ್ರೆಯಲ್ಲೂ ವಿಚಾರಿಸಿ.

ಆದರೆ ಉಚಿತ ಸೆಟ್ಟನ್ನು ಸನ್ಮಾನದ ಶಾಲಿನಂತೆ ಹಂಚಿ ಫೋಟೊ ಹಿಡಿಸಿಕೊಂಡರೆ ಕೆಲಸ ಅರ್ಧವೇ ಆದಂತೆ. ಮೊದಲ ವಾರದ ಹುಣ್ಣು ಉಜ್ಜಿಸಲು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಮತ್ತೆ ಬಸ್ಸು ಹತ್ತಲಾಗದವರು ಅದನ್ನು ಡಬ್ಬಿಗೆ ಹಾಕುತ್ತಾರೆ. ಆರೋಗ್ಯ ಇಲಾಖೆ ಕೊಟ್ಟ ಸೆಟ್ಟುಗಳ ಜೊತೆಗೆ, ಆರು ತಿಂಗಳ ಮೇಲೆ ಊಟಕ್ಕೆ ಕೂತಾಗ ಎಷ್ಟು ಮಂದಿಯ ಬಾಯಲ್ಲಿ ಕೆಳಗಿನದೂ ಇದೆ ಎಂಬುದನ್ನೂ ಎಣಿಸಲಿ.