ಬೆನ್ನು ಡೊಂಕು: 'ಬೆಳೀತಾ ಸರಿಹೋಗುತ್ತೆ' ಅನ್ನುವವರ ಮಾತು ಕೇಳಬೇಡಿ

ಮಗುವಿನ ಒಂದು ಭುಜ ಮೇಲೆ, ಒಂದು ಕೆಳಗೆ. ಅಂಗಿ ಹೊಲಿಯುವ ದರ್ಜಿಗೆ ಮೊದಲು ಗೊತ್ತಾಗುತ್ತದೆ, ಮನೆಯವರು ಒಪ್ಪುವುದಿಲ್ಲ. ಅಜ್ಜಿ ಎಣ್ಣೆ ತಿಕ್ಕುತ್ತಾಳೆ. ಯಾರೋ ನಾಟಿ ಕಟ್ಟು ಹಾಕಿಸಿ ಅಂತಾರೆ. ಬಸುರಿ ಗ್ರಹಣದಲ್ಲಿ ಹೊರಗೆ ಬಂದಿದ್ದಳು ಎಂದು ಪಾಪ, ತಾಯಿಯ ತಲೆಗೇ ಕಟ್ಟುವವರೂ ಇದ್ದಾರೆ. "ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಿ" ಎಂಬುದು ಕೊನೆಯ ತೀರ್ಪು.

ಹುಟ್ಟಿನಿಂದ ಬಂದ ಡೊಂಕು ಹಾಗೆ ಸರಿಹೋಗುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಬೆಳೆದಷ್ಟೂ ಹೆಚ್ಚುತ್ತದೆ. ಗರ್ಭದ ಮೊದಲ ಆರು ವಾರಗಳಲ್ಲಿ ಬೆನ್ನುಮಣಿಗಳು ರೂಪುಗೊಳ್ಳುವಾಗ ಒಂದು ಮಣಿ ಅರ್ಧವೇ ಉಳಿಯುತ್ತದೆ, ಇಲ್ಲವೇ ಎರಡು ಮಣಿ ಒಂದೇ ಪಕ್ಕದಲ್ಲಿ ಅಂಟಿಕೊಳ್ಳುತ್ತವೆ. ಒಂದು ಪಕ್ಕ ಬೆಳೆಯುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಇದಕ್ಕೆ ಗ್ರಹಣವೂ ಕಾರಣವಲ್ಲ, ಎಣ್ಣೆಯೂ ಮದ್ದಲ್ಲ. ಸೊಂಟಕ್ಕೆ ಹಾಕುವ ಬೆಲ್ಟಿನಿಂದಲೂ ಹೆಚ್ಚೇನೂ ಆಗದು.

ಅರ್ಧ ಮಣಿ ಒಂದೇ ಇದ್ದರೆ ಅದನ್ನು ತೆಗೆದು, ಮೇಲಿನ ಕೆಳಗಿನ ಮಣಿಗಳನ್ನು ಸ್ಕ್ರೂ, ರಾಡು ಹಾಕಿ ಬೆಸೆಯುತ್ತಾರೆ. ಐದಾರು ವರ್ಷದೊಳಗಾದರೆ ಎರಡು ಮೂರು ಮಣಿಗಳ ಕೆಲಸ. ಹನ್ನೆರಡರಲ್ಲಿ ಬಂದರೆ ಬೆನ್ನಿನ ಉದ್ದಕ್ಕೂ ಬೆಸೆಯಬೇಕಾದೀತು. ಹಾಗೆಂದು ಪುಟ್ಟ ಮಗುವಿನ ಇಡೀ ಬೆನ್ನನ್ನು ಬೆಸೆದರೆ ಎದೆಗೂಡು ಬೆಳೆಯದು, ಶ್ವಾಸಕೋಶಕ್ಕೆ ಜಾಗ ಸಾಲದು. ಆದ್ದರಿಂದ ಉದ್ದದ ಡೊಂಕಿಗೆ ಬೆಳೆಸುವ ರಾಡು. ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ಮತ್ತು ಕೊಟ್ಟು ಉದ್ದ ಮಾಡಿಸಬೇಕು. ಅಯಸ್ಕಾಂತದಿಂದ ಉದ್ದವಾಗುವ ರಾಡೂ ಉಂಟು, ಬೆಲೆ ಕೇಳುವಂತಿಲ್ಲ.

ಕಾಲು ಹೋದರೆ ಎಂಬ ಹೆದರಿಕೆ ಸುಳ್ಳಲ್ಲ, ಆ ಅಪಾಯ ಇದೆ. ಅದಕ್ಕೇ ಆಪರೇಷನ್ ನಡೆಯುವಾಗ ನರಗಳ ಸಂಕೇತವನ್ನು ಯಂತ್ರದಲ್ಲಿ ನೋಡುತ್ತಿರುತ್ತಾರೆ. ಮೊದಲೇ ಎಂ.ಆರ್.ಐ., ಹೃದಯ ಮತ್ತು ಮೂತ್ರಪಿಂಡದ ತಪಾಸಣೆ ಮಾಡಿಸುತ್ತಾರೆ, ಈ ಮಕ್ಕಳಲ್ಲಿ ಅಲ್ಲಿಯೂ ದೋಷ ಇರುವುದುಂಟು. ಆದರೆ ಸುಮ್ಮನೆ ಬಿಟ್ಟ ಬೆನ್ನೂ ಉಸಿರಾಟವನ್ನು ಅದುಮುತ್ತದೆ, ಕೆಲವರ ಕಾಲಿನ ಬಲವನ್ನೂ ಕಸಿಯುತ್ತದೆ.

ಪತ್ತೆ ಮಾಡುವುದು ಒಂದು ನಿಮಿಷದ ಮಾತು. ಅಂಗಿ ಬಿಚ್ಚಿಸಿ ಮುಂದಕ್ಕೆ ಬಗ್ಗಿಸಿದರೆ ಬೆನ್ನಿನ ಒಂದು ಪಕ್ಕ ಉಬ್ಬಿ ಕಾಣುತ್ತದೆ. 2013ರಲ್ಲಿ ಶುರುವಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬಂದವರು ಯೂನಿಫಾರಂ ಮೇಲೆಯೇ ಎತ್ತರ, ತೂಕ ಬರೆದುಕೊಂಡು ಜೀಪು ಹತ್ತಿದರೆ ಬೆನ್ನು ಕಂಡೀತೇ?

ದುಡ್ಡಿನ ವಿಷಯ. 2018ರ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಅಂಗಡಿಕಾರರಿಗೆ ಪ್ಯಾಕೇಜಿನ ಶೇ. 30 ಮಾತ್ರ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಪಡೆಯಬೇಕು. ಇನ್ನು ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಓಡಾಟ. ತಾಯಿಗೆ 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ, ಸರಿ. ಅಪ್ಪನ ಟಿಕೆಟ್ಟು, ಕೆಟ್ಟುಹೋದ ಎರಡು ದಿನದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ರಾಡು ಉದ್ದ ಮಾಡಿಸುವ ದಿನ ತಪ್ಪುವುದು ಅಲ್ಲೇ.