ಖಾರಕ್ಕೆ ನೀರಲ್ಲ, ಮೊಸರು

ಮಧ್ಯಾಹ್ನದ ಹೊತ್ತು. ಜಮಖಂಡಿಯ ಒಂದು ಖಾನಾವಳಿ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಪರದೇಶದಲ್ಲಿ ನೆಲೆಸಿ, ರಜೆಗೆಂದು ಊರಿಗೆ ಬಂದ ಒಂದು ಕುಟುಂಬ ಊಟಕ್ಕೆ ಕುಳಿತಿದೆ. ತಟ್ಟೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಅಂಚಿನಲ್ಲಿ ಒಂದಿಷ್ಟು ಕೆಂಪು ಖಾರ. ನಾಲ್ಕು ವರ್ಷದ ಹುಡುಗಿ ಆ ಬಣ್ಣಕ್ಕೆ ಮರುಳಾಗಿ ಬೆರಳು ಅದ್ದಿ ಬಾಯಿಗೆ ಇಟ್ಟುಕೊಂಡಳು. ಮುಗಿಯಿತು! ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಸೂರು ಹಾರಿಹೋಗುವಂಥ ಅಳು. ಗಾಬರಿಯಾದ ತಾಯಿ ನೀರು ಕುಡಿಸಿದರು. ಅಳು ಇನ್ನಷ್ಟು ಜೋರಾಯಿತು. ಬಡಿಸುತ್ತಿದ್ದ ಅಜ್ಜಿ ಓಡಿಬಂದು, "ನೀರ ಕುಡಿಸಬ್ಯಾಡ ಯವ್ವಾ, ಮೊದ್ಲ ಎರಡ ಚಮಚ ಮೊಸರ ತಿನ್ನಸ" ಎಂದರು. ಮೊಸರು ತಿಂದ ಮೇಲೆ ಅಳು ತಾನಾಗಿ ಇಳಿಯಿತು.

ಇಂಥ ದೃಶ್ಯ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಖಾನಾವಳಿಗಳಲ್ಲೂ ಹೊಸದಲ್ಲ. ಆದರೆ ಅಜ್ಜಿಯ ಮಾತು ನಿಜವಾದದ್ದು ಹೇಗೆ? ನೀರಿನಿಂದ ಆಗದ್ದು ಮೊಸರಿನಿಂದ ಹೇಗಾಯಿತು?

ಮೊದಲು ಒಂದು ಸಂಗತಿ ತಿಳಿಯಬೇಕು. ಸಿಹಿ, ಹುಳಿ, ಉಪ್ಪು, ಕಹಿಗಳಂತೆ ಖಾರ ಒಂದು ರುಚಿಯಲ್ಲ, ಅದು ಉರಿ. ಮೆಣಸಿನಕಾಯಿಯಲ್ಲಿ ಬೀಜ ಅಂಟಿಕೊಂಡಿರುವ ಬಿಳಿಯ ಭಾಗದಲ್ಲಿ ಕ್ಯಾಪ್ಸೇಸಿನ್ ಎಂಬ ವಸ್ತು ಹೇರಳವಾಗಿದೆ. ನಮ್ಮ ನಾಲಿಗೆಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು 'ಸುಡುತ್ತಿದೆ' ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೇಸಿನ್ ಬಂದು ಕುಳಿತರೂ ಅದೇ ಸುದ್ದಿ ಹೋಗುತ್ತದೆ! ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದರು. ಅದಕ್ಕಾಗಿ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಕ್ಯಾಪ್ಸೇಸಿನ್ ನೀರಿನಲ್ಲಿ ಕರಗುವುದು ತೀರ ಕಡಿಮೆ, ಎಣ್ಣೆ-ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ನೀರು ಕುಡಿದರೆ ಅದು ಬಾಯಿತುಂಬ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಹಾಲು-ಮೊಸರಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೇಸಿನ್ನನ್ನು ಹಿಡಿದುಕೊಂಡು ನಾಲಿಗೆಯಿಂದ ಬಿಡಿಸುತ್ತದೆ. ನಮ್ಮ ಊಟದ ತಟ್ಟೆಯಲ್ಲಿ ಮೊಸರಿನ ಬಟ್ಟಲು ಬಂದು ಕುಳಿತದ್ದು ಸುಮ್ಮನೆ ಅಲ್ಲ. ಇನ್ನೊಂದು ಮಾತು: ಬಿಸಿಗೂ ಖಾರಕ್ಕೂ ಗ್ರಾಹಕ ಒಂದೇ ಆದ್ದರಿಂದ ಕುದಿಕುದಿ ಸಾರಿನಲ್ಲಿ ಖಾರವೂ ಸೇರಿದರೆ ಮಗುವಿಗೆ ಉರಿ ಇಮ್ಮಡಿ. ಆರಿಸಿ ಕೊಟ್ಟರೆ ಅದೇ ಸಾರು ಸಹ್ಯವಾಗುತ್ತದೆ.

ಹುಡುಗಿಯ ಅಳು ನಿಂತಿತು. ತಾಯಿಯ ಕೊರಗು ಮಾತ್ರ ನಿಲ್ಲಲಿಲ್ಲ. ಅಲ್ಲಿ ಹೋಟೆಲಿಗೆ ಹೋದರೆ ಮಕ್ಕಳಿಗೆಂದೇ ಬೇರೆ ಪಟ್ಟಿ ಇರುತ್ತದೆ. ಅದರಲ್ಲಿ ಹೆಚ್ಚಾಗಿ ಕರಿದ ಆಲೂಗಡ್ಡೆ, ಚೀಸ್ ಹಾಕಿದ ಪಾಸ್ತಾ, ಪಿಜ್ಜಾ. ದಿನವಿಡೀ ದುಡಿದು ದಣಿದ ಪಾಲಕರು, ಮಗು ಅತ್ತರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆಂಬ ಸಂಕೋಚದಿಂದ ಅದನ್ನೇ ತರಿಸುತ್ತಾರೆ. ಅವರದು ತಪ್ಪೆನ್ನಲಾಗದು. ಆದರೆ ಐದಾರು ವರ್ಷ ಕಳೆದ ಮೇಲೆ ಊರಿಗೆ ಬಂದಾಗ, ಅಜ್ಜಿ ಬಡಿದ ರೊಟ್ಟಿಯನ್ನು ಮೊಮ್ಮಗಳು ಮುಟ್ಟುವುದಿಲ್ಲ. ಅಜ್ಜಿಯ ಭಾಷೆ ಅರ್ಧ ಬಾರದು, ಅಡುಗೆಯೂ ಬೇಡವಾಯಿತು ಎಂದರೆ ಇಬ್ಬರ ನಡುವೆ ಉಳಿಯುವುದೇನು?

ಇದು ಮಗುವಿನ ಹಟವಲ್ಲ. ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಹೆದರುವುದು ಸಹಜ. ನಡೆದಾಡಲು ಕಲಿತ ಮಗು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಂತೆ ಕಾಯುವ ಗುಣ ಇದು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಇದಕ್ಕೆ ಮದ್ದು ತಾಳ್ಮೆ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1980ರ ದಶಕದಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳ ರುಚಿ ತೋರಿಸಿ ನೋಡಿದರು. ಹೆಚ್ಚು ಸಲ ರುಚಿ ನೋಡಿದ ತಿನಿಸನ್ನೇ ಮಕ್ಕಳು ಹೆಚ್ಚು ಮೆಚ್ಚಿದರು. ಮಗು ಒಂದು ಸಲ ಉಗುಳಿತೆಂದು 'ಇವಳಿಗೆ ಸೇರುವುದಿಲ್ಲ' ಎಂದು ತೀರ್ಮಾನಿಸುವುದು, ಒಂದೇ ಪ್ರಶ್ನೆ ಕೇಳಿ ವಿದ್ಯಾರ್ಥಿಯನ್ನು ನಪಾಸು ಮಾಡಿದಂತೆ! ಹತ್ತು ಸಲವಾದರೂ, ಒತ್ತಾಯವಿಲ್ಲದೆ, ಒಂದೊಂದು ತುತ್ತು ಕೊಡಬೇಕು. ಖಾನಾವಳಿಯಲ್ಲಿ ತಾಯಿ ತನ್ನ ತಟ್ಟೆಯ ರೊಟ್ಟಿಯನ್ನೇ ಹಾಲಿನಲ್ಲೋ ಮೊಸರಿನಲ್ಲೋ ಕಿವುಚಿ ಮಗುವಿಗೆ ತಿನ್ನಿಸುತ್ತಾಳಲ್ಲ, ಅದೇ ಈ ಪಾಠ. ಲಂಡನ್ನಿನಲ್ಲಾಗಲಿ ಸಿಂಗಪುರದಲ್ಲಾಗಲಿ ಮಕ್ಕಳ ಪಟ್ಟಿಯ ಜೊತೆಗೆ ದೊಡ್ಡವರ ತಟ್ಟೆಯಿಂದ ಒಂದು ತುತ್ತು ಕೊಡುವುದಕ್ಕೆ ಖರ್ಚೇನೂ ಇಲ್ಲ.

ಶೇಂಗಾದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆಲವು ಮಕ್ಕಳಿಗೆ ಶೇಂಗಾ ಒಗ್ಗುವುದಿಲ್ಲ. ಮೈಮೇಲೆ ದದ್ದು ಏಳಬಹುದು, ಉಸಿರು ಕಟ್ಟಿ ಪ್ರಾಣಕ್ಕೂ ಬರಬಹುದು. ಇಂಥ ಅಪಾಯ ಹೆಚ್ಚಿದ್ದ 640 ಕೂಸುಗಳ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಐದು ವರ್ಷದವರೆಗೆ ಶೇಂಗಾ ಮುಟ್ಟಿಸದೆ ಬೆಳೆಸಿದವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಅಲರ್ಜಿ ಬಂದಿತ್ತು. ಚಿಕ್ಕಂದಿನಿಂದಲೇ ತಿನ್ನಿಸಿದವರಲ್ಲಿ ಸುಮಾರು 3 ಮಕ್ಕಳಿಗೆ ಮಾತ್ರ! ಹಾಗೆಂದು ಅಲರ್ಜಿ ಈಗಾಗಲೇ ಇರುವ ಮಗುವಿನ ಮೇಲೆ ಪ್ರಯೋಗ ಸಲ್ಲದು, ವೈದ್ಯರನ್ನು ಕೇಳಬೇಕು. ಬ್ರಿಟನ್ನಿನ ಹೋಟೆಲುಗಳು ಶೇಂಗಾ ಸೇರಿದಂತೆ 14 ಬಗೆಯ ಪದಾರ್ಥಗಳು ಅಡುಗೆಯಲ್ಲಿವೆಯೆ ಎಂದು ತಿಳಿಸಬೇಕೆಂಬ ಕಾನೂನು 2014ರ ಡಿಸೆಂಬರಿನಿಂದ ಜಾರಿಯಲ್ಲಿದೆ. ನಮ್ಮ ಖಾನಾವಳಿಯಲ್ಲಿ ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ಹಿಂಡಿಯಲ್ಲಷ್ಟೇ ಅಲ್ಲ, ಎಣ್ಣೆಗಾಯಿಯ ಮಸಾಲೆಯಲ್ಲೂ ಶೇಂಗಾ ಇರುತ್ತದೆ. ಅಲರ್ಜಿ ಇಲ್ಲದಿದ್ದರೂ ಐದು ವರ್ಷದೊಳಗಿನವರಿಗೆ ಇಡೀ ಕಾಳು ಕೊಡಬಾರದು. ಉಸಿರುನಾಳದಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಕುಟ್ಟಿ ಪುಡಿ ಮಾಡಿದ್ದಾದರೆ ಆ ಭಯವಿಲ್ಲ.

ಹೊರಗಿನಿಂದ ಬಂದ ಮಕ್ಕಳ ಹೊಟ್ಟೆ ಕೆಡುವುದು ಬಿಸಿ ಊಟದಿಂದಲ್ಲ. ಹೆಚ್ಚಾಗಿ ನೀರು, ಹಸಿ ಸೌತೆಕಾಯಿ, ಈರುಳ್ಳಿಗಳಿಂದ. ಹೆಂಚಿನಿಂದ ಇಳಿದ ರೊಟ್ಟಿ, ಆಗಷ್ಟೇ ಕುದಿದ ಸಾರುಗಳನ್ನು ಧೈರ್ಯವಾಗಿ ಕೊಡಬಹುದು. ಕುದಿಸಿ ಆರಿಸಿದ ನೀರನ್ನು ಜೊತೆಗೆ ಒಯ್ದರೆ ಒಳ್ಳೆಯದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಮಾಡಿ ನೋಡಬಹುದು. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಅಡುಗೆ ಎಣ್ಣೆ ಹಾಕಿ. ಎರಡಕ್ಕೂ ಅರ್ಧ ಚಮಚ ಖಾರದ ಪುಡಿ ಸೇರಿಸಿ ಕಲಕಿ, ಒಂದು ತಾಸು ಬಿಡಿ. ಯಾವುದು ಹೆಚ್ಚು ಕೆಂಪಾಯಿತು? ಬಣ್ಣ ಬೇರೆ, ಖಾರ ಬೇರೆ. ಆದರೆ ಎರಡೂ ಎಣ್ಣೆಗೆ ಒಲಿಯುವಂಥವು. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ!

ಪಾಲಕರಿಗೂ ಒಂದು ಪ್ರಯೋಗವಿದೆ. ಅದಕ್ಕೆ ಒಂದು ತಾಸು ಸಾಲದು, ಹತ್ತು ಊಟಗಳೇ ಬೇಕು. ಹನ್ನೊಂದನೆಯ ಊಟಕ್ಕೆ ಅಜ್ಜಿಯ ತಟ್ಟೆಯ ರೊಟ್ಟಿಗೆ ಮೊಮ್ಮಗಳು ತಾನಾಗಿ ಕೈ ಚಾಚಿದರೆ ಆ ಪ್ರಯೋಗ ಗೆದ್ದಂತೆ. ಮೊಸರಿನ ಬಟ್ಟಲು ಮಾತ್ರ ಹತ್ತಿರದಲ್ಲೇ ಇರಲಿ.